ಅಡುಗೆಯವನೇ ಉಣ್ಣಲಿಲ್ಲವಂತೆ

ಫೆಬ್ರವರಿ 12, ಬುಧವಾರ

ಮಂಡ್ಯದ ಆಸ್ಪತ್ರೆಯ ಆ ಹುಡುಗಿ ಒಂದು ಕಟ್ಟು ಹಾಳೆ ಕೊಟ್ಟು, ತಿಂದಿದ್ದನ್ನೆಲ್ಲ ದಿನವೂ ಬರೆಯಿರಿ ಅಂದಿದ್ದಾಳೆ. ಇವತ್ತಿನದು ಬರೆದೆ: ಇಡ್ಲಿ ಆರು, ವಡೆ ಎರಡು. ಆ ಇಡ್ಲಿ ತಿನ್ನುವಾಗ ಎದುರಿಗೆ ಕೂತು ಒಂದೊಂದನ್ನೂ ಕಣ್ಣಲ್ಲೇ ಎಣಿಸುತ್ತಿದ್ದ ನನ್ನ ಹೆಂಡತಿ ಶ್ವೇತಳ ಮುಖವನ್ನು ಬರೆಯಲು ಅಲ್ಲಿ ಜಾಗವಿಲ್ಲ. ಅದಕ್ಕೇ ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ಈ ಡೈರಿ ತೆಗೆದೆ. ಇದನ್ನು ಯಾರೂ ಓದಬೇಕಾಗಿಲ್ಲ. ಓದಿದವರ ಬಾಯಿಗೆ ಕುರಿ ಕರುಳಿನ ಬೋಟಿ ತೊಳೆದ ನೀರು.

ನಾನು ಬಾಡೂಟದ ಅಡುಗೆಯವನು. ಮದ್ದೂರಿನಿಂದ ಮಳವಳ್ಳಿವರೆಗೆ ಯಾರ ಮನೆಯಲ್ಲಿ ಮದುವೆಯ ನಂತರದ ಬೀಗರೂಟವಾದರೂ ‘ನಾಗರಾಜು ಕೈಯಡುಗೆಯಾ?’ ಅಂತ ಕೇಳಿಯೇ ಜನ ಮನೆಯಿಂದ ಹೊರಡುತ್ತಾರೆ. ಈ ಹೊಟ್ಟೆಯೇ ನನ್ನ ಬೋರ್ಡು. ನೂರಿಪ್ಪತ್ತನಾಲ್ಕು ಕೆಜಿ ಇದ್ದೇನೆ. ಇದ್ದರೆ ಯಾರಪ್ಪನ ಗಂಟು ಹೋಯಿತು? ಒಣಕಲು ಅಡುಗೆಯವನನ್ನು ಯಾರು ನಂಬುತ್ತಾರೆ?

ಹೋದ ತಿಂಗಳು ಕೊತ್ತತ್ತಿಯಲ್ಲಿ ಶ್ವೇತಳ ಅಣ್ಣನ ಮನೆ ಒಕ್ಕಲಿಗೆ ಹೋಗಿದ್ದೆವು. ನೆಲದ ಪಂಕ್ತಿ. ಕೂತೆ, ಉಂಡೆ. ಏಳಲು ಹೋದರೆ ಮಂಡಿಗಳು ನಮಗೂ ನಿನಗೂ ಸಂಬಂಧವೇ ಇಲ್ಲ ಅಂದುಬಿಟ್ಟವು. ಇಬ್ಬರು ಗಂಡಸರು ಕಂಕುಳಿಗೆ ಕೈ ಹಾಕಿ ಎತ್ತಿದರು. ಮಕ್ಕಳೆಲ್ಲ ಸೇರಿ ‘ಐಸಾ’ ಅಂದವು. ನಾನೂ ನಕ್ಕೆ. ಶ್ವೇತ ನಗಲಿಲ್ಲ. ಊರಿಗೆ ಬಂದವಳೇ ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ತೂಕ ಇಳಿಯದಿದ್ದರೆ ಒಲೆ ಮುಂದೆ ನಿಲ್ಲುವುದನ್ನು ಬೇಗನೆ ಬಿಡಬೇಕಾಗುತ್ತದೆ ಅಂತ ಅವರು ಹೇಳಿದರು. ಅಲ್ಲಿ ಗೋಡೆಗೆ ಅಂಟಿಸಿದ್ದ ಕಾಗದ ನೋಡಿ, ನನ್ನನ್ನು ಕೇಳದೆ, ದಪ್ಪ ಇರುವವರ ಮೇಲೆ ನಡೆಸುವ ಈ ಅಧ್ಯಯನಕ್ಕೆ ನನ್ನ ಹೆಸರು ಕೊಟ್ಟಳು. ಬೈಯುತ್ತಲೇ ಹೋಗಿ ನಾನು ಸಹಿ ಹಾಕಿದೆ.

ಹುಡುಗಿಯ ಹೆಸರು ಪ್ರಿಯಾಂಕ. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳ ಮೇಲೆ ಓದುತ್ತಿದ್ದಾಳಂತೆ. ಲೋಕದಲ್ಲಿ ಓದಲು ಬೇರೇನೂ ಸಿಗಲಿಲ್ಲವೋ ಏನೋ.

“ದಿನಾ ಬೆಳಿಗ್ಗೆ ಒಂದು ಪೊಟ್ಟಣ ನೀರಿಗೆ ಹಾಕ್ಕೊಂಡು ಕುಡೀಬೇಕು ಸಾರ್. ಇದು ಒಂಥರಾ ನಾರು. ಇದನ್ನ ನಮ್ಮ ಹೊಟ್ಟೆ ಅರಗಿಸಲ್ಲ. ದೊಡ್ಡ ಕರುಳಿನ ತನಕ ಹಂಗೇ ಹೋಗುತ್ತೆ. ಅಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಇದನ್ನ ತಿಂದ್ಕೊಂಡು ಬೆಳೀತವೆ.”

“ಅಂದ್ರೆ ನಾನು ಕುಡಿಯೋದು, ಅವು ತಿನ್ನೋದು?”

“ಹೂಂ ಸಾರ್. ಇಡ್ಲಿ ಹಿಟ್ಟು ಹುಳಿ ಬರುತ್ತಲ್ಲ, ಆ ಥರ. ತಿಂದು ಕೆಲವು ಆಮ್ಲ ಬಿಡ್ತವೆ. ಹೊಟ್ಟೆ ತುಂಬ್ತು ಸಾಕು ಅನ್ನೋ ಸುದ್ದೀನ ಅವು ಮೆದುಳಿಗೆ ಮುಟ್ಟಿಸ್ತವೆ ಅಂತಾರೆ. ದಪ್ಪ ಇರೋರಲ್ಲಿ ಬ್ಯಾಕ್ಟೀರಿಯಾದ ಬಗೆಗಳೇ ಕಮ್ಮಿ ಅಂತ ಕೆಲವು ಕಡೆ ಕಂಡಿದೆ. ನಮ್ಮ ಜನದಲ್ಲಿ ಹೆಂಗೆ ಅಂತ ನೋಡೋಕೇ ಇದು.”

ಹುಟ್ಟಿದಾಗಿನಿಂದ ಊರಿನವರಿಗೆ ಬಡಿಸಿದ್ದಾಯಿತು. ಇನ್ನು ಕಣ್ಣಿಗೆ ಕಾಣದ ಬೀಗರಿಗೆ ಬಡಿಸಬೇಕು. ಇವರು ಉಂಡು ‘ಸಾರು ಚೆನ್ನಾಗಿತ್ತು ನಾಗಣ್ಣ’ ಅಂತ ಕೂಡ ಅನ್ನುವುದಿಲ್ಲ.

ಕೊನೆಗೆ ಒಂದಷ್ಟು ಪ್ರಶ್ನೆ ಕೇಳಿದಳು. ನೆಲದ ಮೇಲೆ ಕೂತರೆ ಯಾರ ಸಹಾಯವೂ ಇಲ್ಲದೆ ಏಳಲು ಆಗುತ್ತದಾ ಅಂದಳು. ನಾನು ಬಾಯಿ ತೆಗೆಯುವ ಮೊದಲೇ ಶ್ವೇತ “ಇಲ್ಲ” ಅಂದಳು.

ಫೆಬ್ರವರಿ 14, ಶುಕ್ರವಾರ

ಪುಡಿ ಶುರು ಮಾಡುವ ಮುಂಚೆ ಸ್ಯಾಂಪಲ್ ಬೇಕಂತೆ. ಯಾವುದರ ಸ್ಯಾಂಪಲ್ ಅಂತ ಇಲ್ಲಿ ಬರೆಯುವುದಿಲ್ಲ. ಒಂದು ಪುಟ್ಟ ಡಬ್ಬಿ, ಅದರ ಮುಚ್ಚಳಕ್ಕೇ ಒಂದು ಚಮಚ. ಮಂಡ್ಯಕ್ಕೆ ಹೊರಡುವವರೆಗೆ ಅದನ್ನು ಫ್ರಿಜ್ಜಿನಲ್ಲಿಡಿ ಅಂತ ಕಾಗದದಲ್ಲಿ ಬರೆದಿದೆ. ಶ್ವೇತ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

“ನನ್ನ ಮೊಸರು, ನನ್ನ ಸೊಪ್ಪು ಇರೋ ಜಾಗ ಕಣ್ರೀ ಇದು. ಅದನ್ನ ಒಳೀಕೆ ಇಟ್ರೆ ನಾನು ಕೊತ್ತತ್ತಿಗೆ ಒಂಟೋಯ್ತೀನಿ.”

“ನನ್ನ ಹೆಸ್ರು ಕೊಟ್ಟೋಳು ಯಾರೇ?”

ಕೊನೆಗೆ ಮೀನು ತರುವ ಡಬ್ಬದಲ್ಲಿ ಐಸ್ ಹಾಕಿ ಅದರೊಳಗಿಟ್ಟು ಬಸ್ ಹತ್ತಿದೆ. ಬಸ್ಸಿನಲ್ಲಿ ಸಿಗಬೇಕೇ ನನ್ನ ಚಿಕ್ಕಮಾದು! ಎಷ್ಟೋ ವರ್ಷದಿಂದ ನನ್ನ ಜೊತೆ ಸೌಟು ಹಿಡಿದವನು. ಡಬ್ಬ ಕಂಡ ಕೂಡಲೇ ಅವನ ಮೂಗು ಅರಳಿತು.

“ಏನಣ್ಣೋ, ಹೊಸ ಮಸಾಲೇನಾ? ಒಸಿ ತೆಗಿ, ವಾಸ್ನೆ ನೋಡಾನ.”

ಮಂಡ್ಯ ಬರುವವರೆಗೂ ಡಬ್ಬವನ್ನು ಎದೆಗವಚಿಕೊಂಡು ಕೂತಿದ್ದೆ. ನಲವತ್ತೆಂಟು ವರ್ಷಕ್ಕೆ ಇಂಥ ಗತಿ ಬಂತು.

ಫೆಬ್ರವರಿ 23, ಭಾನುವಾರ

ಪುಡಿ ಶುರುವಾಗಿ ವಾರ ಕಳೆಯಿತು. ಒಳಗಿನ ಬೀಗರು ಚೆನ್ನಾಗಿಯೇ ಉಣ್ಣುತ್ತಿರಬೇಕು, ಹಗಲೂ ರಾತ್ರಿ ಓಲಗ ಊದುತ್ತಿದ್ದಾರೆ.

ಇವತ್ತು ಮಳವಳ್ಳಿಯಲ್ಲಿ ಮದುವೆ ಮನೆಯವರ ಜೊತೆ ಮಾತುಕತೆ. ಮಾರ್ಚ್ ಕೊನೆಗೆ ಬೀಗರೂಟ, ದೊಡ್ಡ ಕುಳ. ಜಗುಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ, ಎಷ್ಟು ಕುರಿ, ಎಷ್ಟು ಕೋಳಿ ಅಂತ ಗಂಭೀರವಾಗಿ ಮಾತಾಡುತ್ತಿದ್ದರು. ಆಗ ನನ್ನ ಹೊಟ್ಟೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ ಹಾಗೆ ಗುರ್ರೆಂದಿತು. ಮನೆಯ ಯಜಮಾನರು ಮಾತು ನಿಲ್ಲಿಸಿದರು. ಒಳಗಿನಿಂದ ಒಂದು ಮುದುಕಿ “ಯಾರ್ಲಾ ಅದು, ನಾಯಿನ ಆಚಿಕ್ ಓಡ್ಸಿ” ಅಂದಿತು. ಇದಾದ ಮೇಲೆ ಇನ್ನೊಂದು ಆಯಿತು. ಅದನ್ನು ಯಾವ ನಾಯಿಯ ಮೇಲೂ ಹಾಕಲಾಗುವುದಿಲ್ಲ.

ಪ್ರಿಯಾಂಕಳಿಗೆ ಫೋನು ಮಾಡಿ ಬೈದೆ. “ಶುರುವಿನಲ್ಲಿ ಹಂಗೇ ಸಾರ್. ಹುದುಗು ಬಂದ್ರೆ ಗಾಳಿ ಬರಲೇಬೇಕಲ್ಲ. ಎರಡು ವಾರದಲ್ಲಿ ಕಮ್ಮಿಯಾಗುತ್ತೆ” ಅಂದಳು. ಎರಡು ವಾರ ನಾನು ಯಾರ ಮನೆ ಜಗುಲಿ ಹತ್ತಲಿ?

ಪುಣ್ಯಕ್ಕೆ ಮಳವಳ್ಳಿಯವರು ಒಪ್ಪಿಕೊಂಡರು.

ಮಾರ್ಚ್ 3, ಸೋಮವಾರ

ಶ್ವೇತ “ಊಟ ಬಲ್ಲವನಿಗೆ ರೋಗವಿಲ್ಲ” ಅಂತ ಗಾದೆ ಹೇಳಿದಳು. ಮಾತು ಬಲ್ಲವಳಿಗೆ ಜಗಳವಿಲ್ಲ ಅನ್ನುವ ಉಳಿದರ್ಧ ಇವಳಿಗೆ ಎಂದೂ ನೆನಪಿಗೆ ಬರುವುದಿಲ್ಲ.

ಮಾರ್ಚ್ 9, ಭಾನುವಾರ

ಚಿಕ್ಕರಸಿನಕೆರೆಯಲ್ಲಿ ಚಲುವರಾಜು ಮಗನ ಬೀಗರೂಟ ಮುಗಿಸಿ ಬಂದೆ. ಅಡುಗೆ ಬಂಗಾರದಂತೆ ಆಗಿತ್ತು. ಬೋಟಿ ಗೊಜ್ಜಿಗೆ ಜನ ಎರಡು ಸಲ ಕೈ ಒಡ್ಡಿದರು. ಆದರೂ ಮನಸ್ಸು ಕೆಟ್ಟು ಕೂತಿದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಅಡುಗೆಯವನು ಎಲ್ಲರಿಗಿಂತ ಕೊನೆಗೆ ಉಣ್ಣಬೇಕು. ಬೆಳಗಿನ ಜಾವದಿಂದ ಅಂಗೈಗೆ ಹಾಕಿಕೊಂಡು ಉಪ್ಪು ಖಾರ ನೋಡಿದ್ದು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. ಕೊನೆಯ ಪಂಕ್ತಿ ಎದ್ದ ಮೇಲೆ ಮನೆ ಯಜಮಾನ ತಾನೇ ನಮಗೆ ಎಲೆ ಹಾಕಿ ಬಡಿಸುತ್ತಾನೆ. ಅವನು ತೃಪ್ತಿಯಾಗುವವರೆಗೆ ಬಡಿಸಬೇಕು, ನಾವು ಬೇಡ ಅನ್ನಬಾರದು. ಅದು ಅವನು ನಮಗೆ ಮಾಡುವ ಮರ್ಯಾದೆ, ನಾವು ಅವನ ಮನೆಗೆ ಮಾಡುವ ಮರ್ಯಾದೆ. ಮೂರು ಮುದ್ದೆ, ಅದರ ಮೇಲೆ ಅನ್ನ, ಒಂದು ತಟ್ಟೆ ಮಾಂಸ. ನನ್ನಪ್ಪ ಹಾಗೆಯೇ ಉಂಡ, ನಾನೂ ಹಾಗೆಯೇ ಉಂಡುಕೊಂಡು ಬಂದೆ.

ಇವತ್ತು ಚಲುವರಾಜು ಮೇಜಿನ ಮೇಲೆ ಎಲೆ ಹಾಸಿ ಬಡಿಸಿದ. ಒಂದು ಮುದ್ದೆ ಇಳಿಯಿತು. ಎರಡನೆಯದಕ್ಕೆ ಕೈ ಇಟ್ಟರೆ ಬೇಡ ಅನ್ನಿಸಿತು. ಹೊಟ್ಟೆ ನೋವಲ್ಲ, ಹೇಸಿಗೆಯಲ್ಲ. ಸುಮ್ಮನೆ ಸಾಕು ಅನ್ನಿಸಿತು. ಹುಟ್ಟಿದಾಗಿನಿಂದ ಬಾಡಿನ ಮುಂದೆ ನನಗೆ ಸಾಕು ಅನ್ನಿಸಿದ್ದೇ ಇಲ್ಲ. ಎಲೆ ಮೇಲೆ ಕೈ ಅಡ್ಡ ಇಟ್ಟೆ. ಚಲುವರಾಜು ಸೌಟು ಹಿಡಿದುಕೊಂಡು ಹಾಗೇ ನಿಂತ.

“ಯಾಕ್ ನಾಗಣ್ಣ, ನೀ ಮಾಡಿದ್ದು ನಿಂಗೇ ರುಚಿಸ್ನಿಲ್ವಾ?”

“ಸಾಕು ಕಣಣ್ಣ, ಒಟ್ಟೆ ತುಂಬ್ತು.”

“ಒಂದು ಮುದ್ದೆಗಾ? ನಿನ್ ಒಟ್ಟೆಗಾ?”

ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಯಾರೂ ನಗಲಿಲ್ಲ. ಆ ಪುಡಿಗೆ ಬೆಂಕಿ ಬೀಳಲಿ.

ಮಾರ್ಚ್ 13, ಗುರುವಾರ

ಚಿಕ್ಕಮಾದು ಸಂತೆಯಿಂದ ಸುದ್ದಿ ಹೊತ್ತು ತಂದ.

“ಅಣ್ಣೋ, ಅಡುಗೆಯವ್ನೇ ಉಣ್ನಿಲ್ವಂತೆ ಅಂತ ಎಲ್ಲಾ ಕಡೆ ಆಡ್ಕೊತಾವ್ರೆ. ಕುರಿಗೆ ಏನೋ ರೋಗ ಇತ್ತಂತೆ, ನಿಂಗೆ ಗೊತ್ತಾಗಿ ನೀನು ಮುಟ್ನಿಲ್ವಂತೆ.”

“ರೋಗದ ಕುರಿ ತಿಂದೋನು ಒಬ್ನಾದ್ರೂ ಮಲಗವ್ನೇನ್ಲಾ?”

“ಇಬ್ರಿಗೆ ಭೇದಿ ಆಯ್ತಂತೆ.”

“ಅವ್ರು ಕುಡ್ದಿದ್ದೆಷ್ಟು, ಅದನ್ನ ಯಾರಾರೂ ಕೇಳುದ್ರಾ?”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಉಂಡವರು ಬಾಯಿ ಚಪ್ಪರಿಸಿದ್ದು ಯಾರಿಗೂ ನೆನಪಿಲ್ಲ, ಒಬ್ಬ ಉಣ್ಣದೆ ಎದ್ದದ್ದು ಮಾತ್ರ ಊರೂರು ಸುತ್ತುತ್ತಿದೆ.

ಮಾರ್ಚ್ 17, ಸೋಮವಾರ

ಮಳವಳ್ಳಿಯವರು ಫೋನು ಮಾಡಿ ಬೇರೆಯವರಿಗೆ ಒಪ್ಪಿಸಿದ್ದೇವೆ ಅಂದರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಾರ್ಚ್ 26, ಬುಧವಾರ

ಮಂಡ್ಯಕ್ಕೆ ಹೋಗಿ ಎರಡನೇ ಸ್ಯಾಂಪಲ್ ಕೊಟ್ಟು ಬಂದೆ. ತೂಕ ಎರಡೂವರೆ ಕೆಜಿ ಇಳಿದಿದೆಯಂತೆ. ಇಷ್ಟು ಮಾನ ಹೋಗಿದ್ದಕ್ಕೆ ಎರಡೂವರೆ ಕೆಜಿ! ಒಂದು ಕೋಳಿಯ ತೂಕ!

ಪ್ರಿಯಾಂಕಳನ್ನು ತರಾಟೆಗೆ ತೆಗೆದುಕೊಂಡೆ. “ನಿಮ್ಮ ಪುಡಿ ನನ್ನ ಅನ್ನ ಕಿತ್ತುಕೊಳ್ತಾ ಅದೆ ಕಣಮ್ಮ. ನನ್ನ ಹಸಿವೇ ಸತ್ತೋಗದೆ.”

“ಸಾರ್, ನೀವು ಸಹಿ ಹಾಕಿದ ಕಾಗದದಲ್ಲೇ ಇತ್ತಲ್ಲ, ನಿಮಗೆ ಬಂದಿರೋದು ನಾರೇ ಅಂತ ನನಗೂ ಗೊತ್ತಿಲ್ಲ. ಅರ್ಧ ಜನಕ್ಕೆ ನಾರು, ಇನ್ನರ್ಧ ಜನಕ್ಕೆ ಅದೇ ಥರ ಕಾಣೋ ಸಾಧಾರಣ ಪುಡಿ. ಯಾರಿಗೆ ಯಾವುದು ಅಂತ ಕೊಡೋ ನನಗೂ ತಿಳಿಯಬಾರದು, ಕುಡಿಯೋ ನಿಮಗೂ ತಿಳಿಯಬಾರದು” ಅಂದಳು.

“ಏನು, ಸುಮ್ಮನೆ ಪುಡಿಯಾ? ಅಂಗಾರೆ ನನ್ನ ಒಟ್ಟೆಲಿ ಓಲಗ ಊದಿದ್ದು ಯಾರು?”

“ಅದನ್ನೇ ನೋಡ್ತಿರೋದು ಸಾರ್. ನಾರು ತಿಂದೋರಲ್ಲೂ ಎಲ್ಲರಿಗೂ ಒಂದೇ ಥರ ಆಗಲ್ಲ. ಮೊದಲು ಒಳಗೆ ಯಾವ ಬ್ಯಾಕ್ಟೀರಿಯಾ ಇದ್ವು ಅನ್ನೋದರ ಮೇಲೆ ಹೋಗುತ್ತೆ. ಬೇಡ ಅನ್ನಿಸಿದ್ರೆ ನೀವು ಯಾವಾಗ ಬೇಕಾದ್ರೂ ಬಿಡಬಹುದು.”

ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡಲು ಇವರಿಗೆ ಸಂಬಳ ಕೊಡುತ್ತಾರೆ. ಆಸ್ಪತ್ರೆಯ ಲಿಫ್ಟು ಬೇರೆ ಕೆಟ್ಟಿತ್ತು. ಮೂರನೇ ಮಹಡಿಗೆ ಅವಳನ್ನು ಬೈಯುತ್ತಲೇ ಹತ್ತಿದ್ದೆ, ಬೈಯುತ್ತಲೇ ಇಳಿದೆ.

ಏಪ್ರಿಲ್ 1, ಮಂಗಳವಾರ

ಯುಗಾದಿ ಮರುದಿನ ಬಾಡು ಮಾಡುವ ಹೊಸತೊಡಕು ನಿನ್ನೆ, ಬಾಡು ಮುಟ್ಟದ ಸೋಮವಾರ, ಬಂದದ್ದರಿಂದ ನಮ್ಮ ಬೀದಿಯ ಅರ್ಧ ಜನ ಬಾಡನ್ನು ಇವತ್ತಿಗೆ ಮುಂದೂಡಿದ್ದರು. ಪ್ರತಿ ವರ್ಷ ಈ ದಿನ ನಾಲ್ಕು ಮನೆಯವರಾದರೂ ಸಾರು ಕೂಡಿಸಲು ನನ್ನನ್ನು ಕರೆಯುತ್ತಿದ್ದರು. ಈ ಸಲ ಒಬ್ಬರೂ ಇಲ್ಲ. ಬೀದಿಯ ತುಂಬ ಮಸಾಲೆಯ ವಾಸನೆ. ಯಾರ ಮನೆಯಲ್ಲಿ ಚಕ್ಕೆ ಜಾಸ್ತಿಯಾಗಿದೆ, ಯಾರ ಮನೆಯಲ್ಲಿ ಈರುಳ್ಳಿ ಸೀದಿದೆ ಅಂತ ಕೂತಲ್ಲೇ ಹೇಳಬಲ್ಲೆ. ಕೇಳುವವರಿಲ್ಲ.

ನಮ್ಮ ಮನೆಗೆ ಅರ್ಧ ಕೆಜಿ ತಂದು ನಾನೇ ಮಾಡಿದೆ. ಶ್ವೇತ, ನಾನು, ಇಬ್ಬರೇ. ಸಾರು ಮಿಕ್ಕಿತು. ನಮ್ಮ ಮನೆಯಲ್ಲಿ ಬಾಡಿನ ಸಾರು ಮಿಕ್ಕಿದ್ದು ಇದೇ ಮೊದಲು. ಪಾತ್ರೆ ನೋಡುತ್ತಾ ಕೂತಾಗ ಅಳು ಬಂದ ಹಾಗಾಯಿತು. ಖಾರ ಅಂತ ಹೇಳಿ ಎದ್ದುಹೋದೆ.

ಏಪ್ರಿಲ್ 11, ಶುಕ್ರವಾರ

ಸ್ಕೂಟರು ಕೈಕೊಟ್ಟಿದೆ. ಮೆಕ್ಯಾನಿಕ್ ದಿನವೂ ನಾಳೆ ಅನ್ನುತ್ತಾನೆ. ವಾರದಿಂದ ಮಾರ್ಕೆಟ್ಟಿಗೆ ನಡೆದೇ ಹೋಗಿ ಬರುತ್ತಿದ್ದೇನೆ. ಈ ಮೆಕ್ಯಾನಿಕ್‌ಗಳನ್ನೆಲ್ಲ ಒಂದು ಕೊಪ್ಪರಿಗೆಗೆ ಹಾಕಿ ಕುದಿಸಬೇಕು.

ನಮ್ಮ ತಾಲ್ಲೂಕಿನ ಕೊಪ್ಪದಿಂದ ಸಿದ್ದರಾಮಣ್ಣ ಬಂದಿದ್ದರು. ಅವರ ಮಗಳ ಮದುವೆ. ಅವರ ಮನೆಯ ಎಲ್ಲ ಬಾಡೂಟಕ್ಕೂ ಮೊದಲು ನನ್ನಪ್ಪ, ಆಮೇಲೆ ನಾನು. ಮೇ ನಾಲ್ಕಕ್ಕೆ ಬೀಗರೂಟ. ಮಾತು ಮುಗಿಸಿ ಎದ್ದವರು ಬಾಗಿಲಲ್ಲಿ ನಿಂತು ಹೇಳಿದರು:

“ನೋಡ್ಲಾ ನಾಗ, ಜನ ಏನೇನೋ ಅಂತಾರೆ, ನಾನು ಕಿವಿಗಾಕ್ಕಂಡಿಲ್ಲ. ಆದ್ರೆ ಬೀಗರ ಕಡೇರು ಚಿಕ್ಕರಸಿನಕೆರೆಯೋರು, ಆ ಚಲುವರಾಜುಗೆ ನೆಂಟರು. ಅವತ್ತು ಎಲ್ರ ಕಣ್ ಮುಂದೆ ನೀನು ಒಟ್ಟೆ ತುಂಬ ಉಣ್ಬೇಕು. ಉಣ್ನಿಲ್ಲ ಅಂದ್ರೆ ನನ್ನ ಮರ್ವಾದೆ ಜೊತೆಗೆ ನಿಂದೂ ಓಯ್ತದೆ ಕಣ್ಲಾ.”

ಅವರು ಹೋದ ಮೇಲೆ, ಪುಡಿಯ ವಿಷಯ ಬಲ್ಲ ಚಿಕ್ಕಮಾದು ಅಂದ, “ಅಣ್ಣೋ, ಆ ಪುಡಿ ಬುಟ್ಬುಡು. ಇದೊಂದು ಊಟ ಗೆದ್ರೆ ಎಲ್ಲಾ ಸರಿಯೋಯ್ತದೆ. ಇಲ್ದಿದ್ರೆ ನಾವಿಬ್ರೂ ಕಬ್ಬು ಕಡಿಯಕ್ಕೆ ಓಗದೇಯ.”

ಅವನು ಹೇಳಿದ್ದು ಸರಿ. ಕೊಪ್ಪ ಕೈತಪ್ಪಿದರೆ ಮುಂದಿನ ಮದುವೆ ಕಾಲದಲ್ಲಿ ನನ್ನನ್ನು ಒಲೆ ಹತ್ತಿರ ಸೇರಿಸುವವರು ಯಾರೂ ಇರುವುದಿಲ್ಲ. ನಾಳೆಯಿಂದ ಪುಡಿ ಬಂದ್.

ಏಪ್ರಿಲ್ 17, ಗುರುವಾರ

ಸಿಕ್ಕಿಬಿದ್ದೆ.

ಕುಡಿಯದ ಪೊಟ್ಟಣಗಳನ್ನು ಧನಿಯ ಡಬ್ಬದಲ್ಲಿ ಹೂತಿಟ್ಟಿದ್ದೆ. ಇವತ್ತು ಶ್ವೇತ ಹುಳಿಪುಡಿ ಹುರಿಯಲು ಡಬ್ಬ ಬಗ್ಗಿಸಿದಳು. ಎಲ್ಲ ಪೊಟ್ಟಣಗಳನ್ನೂ ನನ್ನ ಮುಂದೆ ಸಾಲಾಗಿ ಇಟ್ಟಳು. ಬೈಯುತ್ತಾಳೆ ಅಂದುಕೊಂಡು ನಾನೇ ಮೊದಲು ಕೂಗಾಡಿದೆ. ಕಸುಬು ಹೋಗುತ್ತಿದೆ, ಊರು ನಗುತ್ತಿದೆ, ನಿನಗೇನು ಗೊತ್ತು, ಅಡುಗೆಯವನಿಗೆ ಹಸಿವಿಲ್ಲ ಅಂದರೆ ಓಲಗದವನಿಗೆ ಉಸಿರಿಲ್ಲದ ಹಾಗೆ ಅಂದೆ. ಅವಳು ಎಲ್ಲ ಕೇಳಿಸಿಕೊಂಡಳು.

“ಅವತ್ತು ಕೊತ್ತತ್ತೀಲಿ ನಿಮ್ಮನ್ನ ಇಬ್ರು ಎತ್ತುದ್ರಲ್ಲ” ಅಂದಳು. “ಎಲ್ರೂ ನಗ್ತಾ ಇದ್ರು. ನಂಗೆ ಕಂಡಿದ್ದು ಇಬ್ರಲ್ಲ ಕಣ್ರೀ, ನಾಕ್ ಜನ. ನಾಕ್ ಜನ ಎತ್ತೋ ದಿನ ಇಷ್ಟು ಬೇಗ ಬಂದ್ಬುಡ್ತದೇನೋ ಅಂತ ಅವತ್ತಿಂದ ನಂಗೆ ನಿದ್ದೆ ಇಲ್ಲ. ನಿಮ್ಮ ಕಸುಬು ಓದ್ರೆ ಗಂಜಿ ಕುಡಿಯಾನ. ನೀವೇ ಓದ್ರೆ ನಾನು ಏನ್ ಕುಡೀಲಿ?”

ಅಷ್ಟು ಹೇಳಿ ಧನಿಯ ಹುರಿಯಲು ಹೋದಳು.

ಇಪ್ಪತ್ತು ವರ್ಷ ಇವಳ ಬಾಯಿಗೆ ಉತ್ತರ ಕೊಟ್ಟುಕೊಂಡೇ ಬಂದೆ. ಇವತ್ತು ಅವಳ ಹಿಂದೆಯೇ ಒಲೆ ಹತ್ತಿರ ಹೋದೆ. ಒಂದು ಪೊಟ್ಟಣ ಹರಿದು ಅವಳ ಎದುರಿಗೇ ನೀರಿಗೆ ಹಾಕಿ ಕುಡಿದೆ. ಧನಿಯ ವಾಸನೆ ಹೊಡೆಯುತ್ತಿತ್ತು.

ಬಿಟ್ಟ ದಿನಗಳ ವಿಷಯ ಪ್ರಿಯಾಂಕಳಿಗೂ ಫೋನಿನಲ್ಲಿ ಹೇಳಿದೆ. ಬೈಯಲಿ ಅಂದುಕೊಂಡಿದ್ದೆ. “ಹೇಳಿದ್ದು ಒಳ್ಳೇದಾಯ್ತು ಸಾರ್, ಬರ್ಕೊಳ್ತೀನಿ” ಅಂದಳು. ಈ ಹುಡುಗಿಗೆ ಸಿಟ್ಟೇ ಬರುವುದಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು.

ಏಪ್ರಿಲ್ 25, ಶುಕ್ರವಾರ

ಕೊಪ್ಪದ ಊಟದ ದಿನ ಮೂರು ಮುದ್ದೆ ನುಂಗಲು ಅಭ್ಯಾಸ ಮಾಡಿ ನೋಡಿದೆ. ಒಂದೂವರೆಗೆ ಕಣ್ಣ ಮುಂದೆ ಕತ್ತಲೆ ಬಂತು. ಹಿಟ್ಟು ತಿಂದು ಬೆಟ್ಟ ಕಿತ್ತಿಟ್ಟವರ ಸೀಮೆಯಲ್ಲಿ ಹುಟ್ಟಿ ಒಂದೂವರೆ ಮುದ್ದೆಗೆ ಸೋತೆ.

ಮೇ 5, ಸೋಮವಾರ

ನಿನ್ನೆ ಬರೆಯಲು ಆಗಲಿಲ್ಲ. ಕೈ ಸೋತಿತ್ತು.

ಸಿದ್ದರಾಮಣ್ಣನ ಮನೆಯವರು ಈಗಲೂ ಮೇಜು ಕುರ್ಚಿ ಹಾಕಿಸುವುದಿಲ್ಲ. ಮನೆ ಮುಂದಿನ ಕಣದಲ್ಲಿ ಚಪ್ಪರ, ಕೆಳಗೆ ಜಮಖಾನ, ಅದರ ಮುಂದೆ ಸಾಲು ಎಲೆ. ಕೋಳಿ ಕೂಗುವ ಮೊದಲೇ ಒಲೆ ಹಚ್ಚಿದೆವು. ಮಸಾಲೆ ನಾನೇ ಮುಂದೆ ನಿಂತು ರುಬ್ಬಿಸಿದೆ. ಸಾರು ಕುದಿಯುವಾಗ ಅದರ ಮೇಲೆ ಎಣ್ಣೆ ಒಡೆದು ನಿಂತ ಬಣ್ಣ ನೋಡಿ ನನಗೇ ಹೆಮ್ಮೆಯಾಯಿತು. ಆದರೆ ಒಳಗೊಳಗೇ ಕೊನೆಯಲ್ಲಿ ಉಣ್ಣಬೇಕಾದ ಮೂರು ಮುದ್ದೆಯ ಹೆದರಿಕೆ.

ಮಧ್ಯಾಹ್ನ ಬೀಗರ ಕಡೆಯವರನ್ನು ಮೊದಲ ಪಂಕ್ತಿಗೆ ಕೂರಿಸಿದರು. ಸಾಲಿನ ನಡುವೆ ಚಲುವರಾಜು. ಮುದ್ದೆ ಬಿತ್ತು, ಸಾರು ಬಿತ್ತು, ಗೊಜ್ಜು ಬಿತ್ತು. ಒಬ್ಬರೂ ಕೈ ಹಾಕುತ್ತಿಲ್ಲ. ಅತ್ತಿತ್ತ ನೋಡುತ್ತಾರೆ, ಪಿಸುಗುಡುತ್ತಾರೆ, ಒಲೆ ಕಡೆ ತಿರುಗುತ್ತಾರೆ. ಚಲುವರಾಜು ಕೈ ಕಟ್ಟಿಕೊಂಡು, ನಗುತ್ತಾ, ಎಲ್ಲರಿಗೂ ಕೇಳುವ ಹಾಗೆ ಅಂದ:

“ಅಡುಗೆಯವ್ನು ಉಣ್ಲಿ, ಆಮ್ಯಾಕೆ ನಾವು ಉಂಡ್ರಾಯ್ತದೆ.”

ಸಿದ್ದರಾಮಣ್ಣನ ಮುಖ ಕಪ್ಪಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಮದುವೆ ಹೆಣ್ಣು ತಲೆ ತಗ್ಗಿಸಿದಳು. ನನಗೆ ತಲೆ ಕೆಟ್ಟಿತು. ಬೆಳಗಿನ ಜಾವದಿಂದ ಹೊಗೆ ಕುಡಿದು ಬೇಯಿಸಿದ್ದೇನೆ, ಇವರು ಎಲೆ ಮುಂದೆ ಪಂಚಾಯಿತಿ ಮಾಡುತ್ತಾರೆ. ಪದ್ಧತಿಯೂ ಬೇಡ, ಅದರಪ್ಪನೂ ಬೇಡ ಅಂದುಕೊಂಡು, ಸೌಟು ಒಲೆ ಕಲ್ಲಿನ ಮೇಲೆ ಎಸೆದು, ಸೀದಾ ಹೋಗಿ ಚಲುವರಾಜು ಪಕ್ಕದಲ್ಲಿ ಕೂತೆ.

“ಲೇ ಮಾದ, ನಂಗೂ ಒಂದು ಎಲೆ ಆಕ್ಲಾ! ಅರ್ಧ ಮುದ್ದೆ!”

ಚಿಕ್ಕಮಾದು ಬಡಿಸಿದ. ಒಂದೊಂದು ತುತ್ತನ್ನೂ ಎಲ್ಲರಿಗೂ ಕಾಣುವ ಹಾಗೆ ಸಾರಿಗೆ ಅದ್ದಿ ನುಂಗಿದೆ. ಎರಡು ತುಂಡು ಬಾಡು ತಿಂದೆ, ಮೂಳೆ ಚೀಪಿದೆ, ಗೊಜ್ಜು ನೆಕ್ಕಿದೆ. ನಿಜ ಹೇಳಬೇಕೆಂದರೆ ಬಹಳ ರುಚಿಯಾಗಿತ್ತು. ಎಷ್ಟೋ ವರ್ಷದಿಂದ ನಾನು ನನ್ನ ಅಡುಗೆಯನ್ನು ಬಿಸಿಯಾಗಿ ಉಂಡೇ ಇರಲಿಲ್ಲ. ಅರ್ಧ ಮುದ್ದೆ ಮುಗಿಯಿತು. ಸಿದ್ದರಾಮಣ್ಣ ತಾವೇ ಇನ್ನೊಂದು ಮುದ್ದೆ ತಂದರು. ಎಲೆಗೆ ಅಡ್ಡ ಕೈ ಇಟ್ಟೆ. ಅವರು ಕೇಳದೆ ಕೈಯ ಮೇಲೇ ಸಾರು ಹುಯ್ದರು. ಕೈ ಸುಟ್ಟರೂ ತೆಗೆಯಲಿಲ್ಲ.

“ಅಷ್ಟೇನಾ?” ಅಂದ ಚಲುವರಾಜು.

“ಅಷ್ಟೇ ಕಣಣ್ಣ. ಈಗ ನನ್ ಒಟ್ಟೆ ಕೇಳೋದೇ ಅಷ್ಟು. ಅವತ್ತು ನಿಮ್ಮನೇಲೂ ಕೇಳಿದ್ದು ಅಷ್ಟೇ. ನಿಮ್ಮ ಕುರೀಲೂ ಐಬಿರ್ನಿಲ್ಲ, ನನ್ನ ಅಡುಗೇಲೂ ಐಬಿರ್ನಿಲ್ಲ. ನಾನು ಉಂಡಿವ್ನಿ, ನೋಡಿದ್ರಲ್ಲ? ಇನ್ನು ಆರೋಗದ್ರೊಳ್ಗೆ ಉಣ್ಣಿ. ಆರೋದ್ರೆ ಬೋಟಿ ರಬ್ಬರಾಯ್ತದೆ.”

ಅವನು ನನ್ನ ಮುಖ ನೋಡಿದ, ಎಲೆ ನೋಡಿದ. ಆಮೇಲೆ ಮುದ್ದೆ ಮುರಿದ. ಅವನು ಮುರಿದದ್ದೇ ತಡ, ಇಡೀ ಸಾಲು ಮುರಿಯಿತು. ಅಷ್ಟರಲ್ಲಿ ಒಲೆ ಕಡೆಯಿಂದ ಚಿಕ್ಕಮಾದು “ಅಣ್ಣೋ, ಅನ್ನ ಸೀಯ್ತಾ ಅದೆ!” ಅಂತ ಬಾಯಿ ಬಡಿದುಕೊಂಡ. ಎದ್ದು ಓಡಿ, ಸೌದೆ ಈಚೆಗೆ ಎಳೆದು, ಕೊಪ್ಪರಿಗೆಗೆ ನೀರು ಚಿಮುಕಿಸಿ, ಅವನ ತಲೆಗೊಂದು ಮೊಟಕಿದೆ. ಬಡಿಸಲು ಹೋದವನು ಬೆಂಕಿ ನೋಡಬೇಡವೇ? ಇಷ್ಟು ವರ್ಷವಾದರೂ ಬುದ್ಧಿ ಬರಲಿಲ್ಲ.

ಕೊನೆಯ ಪಂಕ್ತಿಯ ಹೊತ್ತಿಗೆ ಬೋಟಿ ಖಾಲಿ. ಹೊರಡುವಾಗ ಚಲುವರಾಜು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಬಂದು, ಕಾರ್ತಿಕದಲ್ಲಿ ಅವನ ತಮ್ಮನ ಮಗಳ ಮದುವೆಯಿದೆ ಅಂದ. ಆಚೆ ತಿರುಗಿಕೊಂಡೇ ಹೇಳಿದ. ಹೇಳಿದನಲ್ಲ, ಅಷ್ಟು ಸಾಕು. ಒಬ್ಬನಾದರೂ ತಪ್ಪಾಯಿತು ಅನ್ನಬಾರದೇ? ಈ ಸೀಮೆಯ ಗಂಡಸರ ಬಾಯಲ್ಲಿ ಆ ಮಾತು ಬರುವ ಹೊತ್ತಿಗೆ ಕಾವೇರಿ ಹಿಂದಕ್ಕೆ ಹರಿದಿರುತ್ತಾಳೆ.

ಮೇ 7, ಬುಧವಾರ

ಇವತ್ತಿಗೆ ಪುಡಿ ಮುಗಿಯಿತು. ಶ್ವೇತಳೂ ಮಂಡ್ಯಕ್ಕೆ ಜೊತೆಗೆ ಬಂದಳು. ಕೊನೆಯ ಡಬ್ಬಿ ಕೊಟ್ಟೆ. ತೂಕ ನೂರಿಪ್ಪತ್ತರ ಹತ್ತಿರ. ಇಷ್ಟೇನಾ ಅಂದೆ. ಇಷ್ಟಾದರೂ ಒಳ್ಳೆಯದೇ ಸಾರ್ ಅಂದಳು ಪ್ರಿಯಾಂಕ. ನನಗೆ ಬಂದದ್ದು ನಾರೋ ಸುಮ್ಮನೆ ಪುಡಿಯೋ ಅಂತ ಕೇಳಿದರೆ, ಎಲ್ಲರ ಸ್ಯಾಂಪಲ್ಲೂ ನೋಡಿ ಮುಗಿಯಬೇಕು, ಇನ್ನೂ ತಿಂಗಳುಗಟ್ಟಲೆ ಆಗುತ್ತದೆ ಅಂತೆ. ಒಳಗಿನ ಬೀಗರಲ್ಲಿ ಯಾರು ಬಂದರು, ಯಾರು ಹೋದರು ಅಂತ ಆಗಲೇ ತಿಳಿಯುವುದಂತೆ. ನಾನು ಬಡಿಸಿದ್ದೇನು ಅಂತ ನನಗೇ ಗೊತ್ತಿಲ್ಲದ ಊಟ ಇದೊಂದೇ.

ಮತ್ತೆ ಅದೇ ಹಳೆಯ ಪ್ರಶ್ನೆಗಳು. ನಿದ್ದೆ ಹೇಗೆ, ಹೊಟ್ಟೆ ಹೇಗೆ. ಬೇಜಾರಾಗಿ ಗಡಿಯಾರ ನೋಡುತ್ತಾ ಉತ್ತರ ಕೊಡುತ್ತಿದ್ದೆ.

“ನೆಲದ ಮೇಲೆ ಕೂತ್ರೆ ಯಾರ ಸಹಾಯನೂ ಇಲ್ದೆ ಏಳೋಕಾಗುತ್ತಾ ಸಾರ್?”

“ಇಲ್ಲ ಬರ್ಕಮ್ಮ” ಅಂದೆ.

ಶ್ವೇತ ನನ್ನ ಕಡೆ ತಿರುಗಿದಳು. “ಮೊನ್ನೆ ಕೊಪ್ಪದಲ್ಲಿ ಚಲುವರಾಜಣ್ಣನ ಪಕ್ಕ ಕೂತೆ ಅಂದ್ರಲ್ಲ, ಅದು ನೆಲದ ಪಂಕ್ತಿ ಅಲ್ವಾ?”

“ಊಂ. ಅವ್ರ ಮನೇಲಿ ಮೇಜೆಲ್ಲದೆ?”

“ಮತ್ತೆ ಯಾರು ಎಬ್ಬುಸುದ್ರು?”

ಯೋಚಿಸಿದೆ. ಅನ್ನ ಸೀಯುತ್ತಿತ್ತು. ಚಿಕ್ಕಮಾದು ಒಲೆ ಹತ್ತಿರ ಇದ್ದ. ಸಿದ್ದರಾಮಣ್ಣನ ಕೈಯಲ್ಲಿ ಸಾರಿನ ಬಕೆಟ್ಟಿತ್ತು. ಚಲುವರಾಜು ಮುದ್ದೆ ಮುರಿಯುತ್ತಿದ್ದ. ಯಾರೂ ಇಲ್ಲ. ಯಾರೂ ಕೈ ಕೊಟ್ಟ ನೆನಪಿಲ್ಲ.

“ಅನ್ನ ಸೀಯ್ತಿತ್ತು ಕಣೆ” ಅಂದೆ.

ಪ್ರಿಯಾಂಕ ಬರೆದಿದ್ದನ್ನು ಹೊಡೆದುಹಾಕಿ ಬೇರೆ ಬರೆದಳು. ಶ್ವೇತ ಕಿಟಕಿ ಕಡೆ ತಿರುಗಿ ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು. ಬಸ್ಸಿನಲ್ಲೂ ಮದ್ದೂರು ಬರುವವರೆಗೆ ಮೂಗು ಸೀಟಿಕೊಂಡೇ ಬಂದಳು. ಬಿದ್ದಾಗ ಅಳುವವರನ್ನು ನೋಡಿದ್ದೇನೆ, ಎದ್ದದ್ದಕ್ಕೆ ಅಳುವವಳನ್ನು ಇವತ್ತು ನೋಡಿದೆ. ಇವಳ ಕೈಯಲ್ಲಿ ಸಾಕಾಗಿದೆ.

ಇದನ್ನು ಅಡುಗೆಮನೆಯ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಊಟಕ್ಕೆ ಬನ್ನಿ ಅಂತ ಹಜಾರದಿಂದ ಕೂಗುತ್ತಿದ್ದಾಳೆ. ಕೂಗಿದವಳು ಸುಮ್ಮನಿರಬಾರದೇ, ಮೂರು ಸಲ ಬಾಗಿಲಲ್ಲಿ ಇಣುಕಿ ನೋಡಿ ಹೋದಳು. ಏಳುತ್ತೇನೆ ತಡಿಯೇ. ಯಾರೂ ಬರಬೇಕಾಗಿಲ್ಲ.